ಮಾವ ಕಳಿಸಿದ ಕ್ಯಾಸೆಟ್ಟಿನಲ್ಲಿ ಹನ್ನೊಂದನೇ ಹಾಡು ಇರಲಿಲ್ಲ

ನಮಸ್ಕಾರ. ಇವತ್ತು ಒಂದು ಆಲ್ಬಮ್ ಬಗ್ಗೆ ಮಾತಾಡಬೇಕು. ಚಿಕ್ಕವಳಿದ್ದಾಗ ಇದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಆದರೆ ಪೂರ್ತಿ ಕೇಳಿದ್ದು ಹೋದ ತಿಂಗಳು, ಮೊದಲ ಸಲ.

ನನ್ನ ಸೋದರಮಾವ ಆಗ ಕ್ಯಾಲಿಫೋರ್ನಿಯಾದಲ್ಲಿದ್ದ. ಅಜ್ಜಿಗೆ ಕಾಗದ ಓದೋಕೆ ಕಣ್ಣು ಸಾಲುತ್ತಿರಲಿಲ್ಲ. ಅದಕ್ಕೇ ಮಾವ ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದ. 1983ರಲ್ಲಿ ಬಂದ ಒಂದು ಕ್ಯಾಸೆಟ್ಟಿನ ಒಂದು ಕಡೆ ಅಜ್ಜಿಗೆ ಮಾತು, ಇನ್ನೊಂದು ಕಡೆ ನನಗೂ ಅಕ್ಕನಿಗೂ ಹಾಡು. ಲೇಬಲ್ ಮೇಲೆ ಪೆನ್ನಲ್ಲಿ ಬರೆದಿದ್ದದ್ದು ಒಂದೇ ಹೆಸರು: ಗೋ-ಗೋಸ್. ಅದು ತಂಡದ ಹೆಸರು.

ಆ ಆಲ್ಬಮ್ಮಿನ ಹೆಸರು 'ಬ್ಯೂಟಿ ಆ್ಯಂಡ್ ದಿ ಬೀಟ್'. 1981ರ ಜುಲೈನಲ್ಲಿ ಅಮೆರಿಕದಲ್ಲಿ ಬಂದದ್ದು. ಹನ್ನೊಂದು ಹಾಡು, ಸುಮಾರು 35 ನಿಮಿಷ. ಮಾವನ ಕ್ಯಾಸೆಟ್ಟು 60 ನಿಮಿಷದ್ದು, ಒಂದು ಕಡೆಗೆ ಅರ್ಧ ಗಂಟೆ. ಹಾಗಾಗಿ ಹತ್ತನೇ ಹಾಡು ನಡುವೆಯೇ ನಿಂತುಹೋಗುತ್ತಿತ್ತು. ಹನ್ನೊಂದನೆಯದು ಇದೆ ಅನ್ನೋದೇ ನಮಗೆ ಗೊತ್ತಿರಲಿಲ್ಲ.

ಇನ್ನೂ ಒಂದು ವಿಷಯ ಗೊತ್ತಿರಲಿಲ್ಲ. ಅದನ್ನು ಹೇಳೋಕೇ ಇವತ್ತು ಕೂತಿದ್ದೇನೆ.

ನಮ್ಮ ಬೀದಿಯ ಗಣೇಶನ ಆರ್ಕೆಸ್ಟ್ರಾದಲ್ಲಿ ಒಬ್ಬರು ಹೆಂಗಸು ಮುಂದೆ ನಿಂತು ಹಾಡುತ್ತಿದ್ದರು. ಹಿಂದೆ ಡ್ರಮ್, ಗಿಟಾರ್, ಕೀಬೋರ್ಡ್, ಎಲ್ಲ ಗಂಡಸರು. ನಾವು ನೋಡಿದ್ದು ಅಷ್ಟೇ. ಕ್ಯಾಸೆಟ್ಟಿಗೆ ಕವರ್ ಬೇರೆ ಇರಲಿಲ್ಲ. ಹಾಡುವವಳು ಹುಡುಗಿ, ಬಾರಿಸುವವರು ಗಂಡಸರು ಅಂತ ನಾನೂ ಅಕ್ಕನೂ ಅಂದುಕೊಂಡೆವು. ವರ್ಷಗಟ್ಟಲೆ ಹಾಗೇ ಅಂದುಕೊಂಡಿದ್ದೆವು.

ಅಲ್ಲಿದ್ದವರು ಐದು ಜನ ಹುಡುಗಿಯರು. ಬೆಲಿಂಡಾ ಕಾರ್ಲೈಲ್ ಹಾಡಿದರು. ಶಾರ್ಲಟ್ ಕ್ಯಾಫಿ, ಜೇನ್ ವೀಡ್ಲಿನ್ ಗಿಟಾರ್. ಕ್ಯಾಥಿ ವ್ಯಾಲಂಟೈನ್ ಬಾಸ್ ಗಿಟಾರ್. ಜೀನಾ ಶಾಕ್ ಡ್ರಮ್. ಹಾಡು ಬರೆದದ್ದೂ ಅವರೇ, ನುಡಿಸಿದ್ದೂ ಅವರೇ. ಹೀಗೆ ತಾವೇ ಬರೆದು ತಾವೇ ನುಡಿಸಿದ ಹೆಣ್ಣುಮಕ್ಕಳ ತಂಡವೊಂದು ಅಮೆರಿಕದ ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಯ ತುದಿಗೆ ಹೋಗಿದ್ದು ಅದೇ ಮೊದಲು. 1982ರಲ್ಲಿ ಆರು ವಾರ ಅಲ್ಲೇ ಇತ್ತು.

ಇದು ಗೊತ್ತಾದ ಮೇಲೆ 'ವಿ ಗಾಟ್ ದ ಬೀಟ್' ಕೇಳಿ. ಶುರುವಿಗೇ ಡ್ರಮ್. ಗಿಟಾರ್ ಇಲ್ಲ, ದನಿ ಇಲ್ಲ. ಜೀನಾ ಶಾಕ್ ಒಬ್ಬರೇ. ಹೋದ ತಿಂಗಳು ಹೆಡ್‌ಫೋನ್ ಹಾಕಿಕೊಂಡು ಆ ಕೆಲವು ಸೆಕೆಂಡನ್ನೇ ನಾಲ್ಕೈದು ಸಲ ಕೇಳಿದೆ. ಏಟು ಎಷ್ಟು ನಿಖರ ಅಂದರೆ, ಎಲ್ಲೂ ಅವಸರ ಇಲ್ಲ, ಎಲ್ಲೂ ಸಡಿಲ ಇಲ್ಲ. ನನ್ನ ಪ್ರಕಾರ ಈ ಆಲ್ಬಮ್ಮಿನ ಜೀವ ಇರೋದೇ ಆ ಡ್ರಮ್ಮಿನಲ್ಲಿ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಈ ಬಗೆಯ ಸಂಗೀತಕ್ಕೆ ಪವರ್ ಪಾಪ್ ಅನ್ನುತ್ತಾರೆ. ಗಿಟಾರಿನಲ್ಲಿ ರಾಕಿನ ಒರಟು ಇರಬೇಕು. ರಾಗ ಮಾತ್ರ ಒಂದೇ ಸಲಕ್ಕೆ ಬಾಯಿಗೆ ಬರಬೇಕು. ಹಾಡು ಮೂರು ನಿಮಿಷದ ಆಸುಪಾಸಿನಲ್ಲಿ ಮುಗಿಯಬೇಕು. ಕೇಳೋಕೆ ಸುಲಭ. ಅದಕ್ಕೇ ಜನ ಮಾಡೋಕೂ ಸುಲಭ ಅಂದುಕೊಳ್ಳುತ್ತಾರೆ. ಅಲ್ಲೇ ನನಗೆ ಬೇಜಾರು. ಗೋ-ಗೋಸ್ ಅಂದ ಕೂಡಲೇ "ಮುದ್ದಾದ ಪಾಪ್" ಅಂತ ಹೇಳಿ ಮುಂದೆ ಹೋಗುವವರು ಜಾಸ್ತಿ.

ಇವರು ಮುದ್ದಾಗಿ ಶುರು ಮಾಡಿದವರಲ್ಲ. 1978ರಲ್ಲಿ ಲಾಸ್ ಏಂಜಲೀಸಿನ ಪಂಕ್ ಗುಂಪಿನಲ್ಲಿ ಹುಟ್ಟಿದ ತಂಡ ಇದು. ಪಂಕ್ ಅಂದರೆ ವೇಗದ, ಒರಟಾದ ರಾಕ್. ಸರಿಯಾಗಿ ನುಡಿಸೋಕೆ ಬರುವ ಮೊದಲೇ ವೇದಿಕೆ ಹತ್ತಿದವರು. ಜೀನಾ ಶಾಕ್ ಬಾಲ್ಟಿಮೋರಿನಿಂದ ಬಂದು 1979ರಲ್ಲಿ ಸೇರಿದ ಮೇಲೆ ಅಭ್ಯಾಸ ಬಿಗಿಯಾಯಿತು. ನ್ಯೂಯಾರ್ಕಿನಲ್ಲಿ ರೆಕಾರ್ಡಿಂಗ್ ಆದಾಗ ನಿರ್ಮಾಪಕ ರಿಚರ್ಡ್ ಗಾಟೆರರ್ ಹಾಡುಗಳ ವೇಗ ಇಳಿಸಿದರು. ಮಾತು ಕಿವಿಗೆ ಸಿಗಬೇಕು ಅನ್ನೋದು ಅವರ ಹಟ. ಕೊನೆಗೆ ಕೇಳಿದಾಗ ಹುಡುಗಿಯರಿಗೆ ಆಘಾತ. ತಾವು ಪಂಕ್ ಆಲ್ಬಮ್ ಮಾಡಿದೆವು ಅಂದುಕೊಂಡಿದ್ದರು, ಕಿವಿಗೆ ಬಿದ್ದದ್ದು ಪಾಪ್.

ಗಾಟೆರರ್ ಮಾಡಿದ್ದೇ ಸರಿ ಅಂತ ನನಗೆ ಈಗ ಅನಿಸುತ್ತದೆ. ವೇಗ ಇಳಿಸಿದರೆ ತಪ್ಪು ಮುಚ್ಚಿಟ್ಟುಕೊಳ್ಳೋಕೆ ಜಾಗ ಇರೋದಿಲ್ಲ. ಒಂದೊಂದು ಸ್ವರವೂ ಬಯಲಲ್ಲಿ ನಿಲ್ಲಬೇಕು. ಅವು ನಿಂತಿವೆ.

ಮೊದಲ ಹಾಡು 'ಅವರ್ ಲಿಪ್ಸ್ ಆರ್ ಸೀಲ್ಡ್'. ಅಕ್ಕ ಆಗ ನನಗೆ ಅರ್ಥ ಹೇಳಿಕೊಟ್ಟಿದ್ದಳು: "ಕೈ ಕಟ್, ಬಾಯ್ ಮುಚ್ ಅಂತಾರಲ್ಲ, ಅದೇ ಕಣೇ." ಸ್ಕೂಲಿನಲ್ಲಿ ಮೇಷ್ಟ್ರು ಹೇಳೋದು ಅಂದುಕೊಂಡೆ. ಅದು ಇಬ್ಬರ ಗುಟ್ಟು. ಇಂಗ್ಲೆಂಡಿನ ಸ್ಪೆಷಲ್ಸ್ ತಂಡದ ಟೆರ್ರಿ ಹಾಲ್ ಮತ್ತು ಜೇನ್ ವೀಡ್ಲಿನ್ ನಡುವೆ ಸ್ವಲ್ಪ ಕಾಲ ಪ್ರೀತಿ ಇತ್ತು. ಆತನಿಗೆ ಅಲ್ಲಿ ಬೇರೆ ಗೆಳತಿ ಇದ್ದಳು. ಊರಿಗೆ ಹೋದ ಮೇಲೆ ಆತ ಬರೆದು ಕಳಿಸಿದ ಸಾಲುಗಳನ್ನು ಜೇನ್ ಹಾಡು ಮಾಡಿದರು. ನಡುವೆ ಎಲ್ಲ ಮೆತ್ತಗಾಗಿ, ಸಮಾಧಾನ ಹೇಳುವ ಹಾಗೆ ಒಂದು ಸಣ್ಣ ದನಿ ಬರುತ್ತದಲ್ಲ, ಅದು ಜೇನ್ ಅವರದೇ. ಆ ಜಾಗ ಬಂದಾಗ ಈ ಸಲ ನನಗೆ ಕಣ್ಣು ತುಂಬಿತು. ಕಾಗದದಲ್ಲಿ ಬಂದದ್ದು ಹಾಡಾಗಿ, ನಮ್ಮ ಮನೆಗೆ ಕ್ಯಾಸೆಟ್ಟಾಗಿ ಬಂತಲ್ವಾ.

'ಆಟೊಮ್ಯಾಟಿಕ್' ಬಂದರೆ ಅಕ್ಕ ಫಾರ್ವರ್ಡ್ ಒತ್ತುತ್ತಿದ್ದಳು. ನಿಧಾನ, ಖಾಲಿ ಖಾಲಿ, ಕುಣಿಯೋಕಾಗಲ್ಲ. ಈಗ ನನಗೆ ಅತಿ ಇಷ್ಟದ ಹಾಡು ಅದೇ. 'ದಿಸ್ ಟೌನ್' ಆಗ ಊರಿನ ಸಂಭ್ರಮದ ಹಾಡು ಅನಿಸಿತ್ತು. ಈಗ ಅದರ ಅಡಿಯಲ್ಲಿ ಲಾಸ್ ಏಂಜಲೀಸಿನ ಕತ್ತಲೆ ಕಾಣುತ್ತದೆ. ಎಲ್ಲವೂ ಚೆನ್ನಾಗಿದೆ ಅಂತ ಹೇಳಲಾರೆ. ಹತ್ತನೆಯದು, ಕಾರನ್ನೇ ಜಾಸ್ತಿ ಪ್ರೀತಿಸುವ ಹುಡುಗನ ಹಾಡು, ರಾಗ ಸೊಗಸಾಗಿದ್ದರೂ ಮಾತು ತೆಳು.

ರಾಕ್ ಸಂಗೀತದ ದೊಡ್ಡ ಹೆಸರುಗಳನ್ನು ಗೌರವಿಸುವ ಅಮೆರಿಕದ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮಿನಲ್ಲಿ ಈ ತಂಡಕ್ಕೆ ಜಾಗ ಸಿಕ್ಕಿದ್ದು 2021ರಲ್ಲಿ. ಮೊದಲ ರೆಕಾರ್ಡ್ ಬಂದು 25 ವರ್ಷವಾದರೆ ಯಾರನ್ನಾದರೂ ಪರಿಗಣಿಸಬಹುದು. ಇವರ ಮೊದಲ ರೆಕಾರ್ಡ್ 1980ರದು. ಲೆಕ್ಕ ನೀವೇ ಹಾಕಿ. ಇಷ್ಟು ತಡ ಯಾಕೆ? ಹಗುರವಾಗಿ ಕೇಳಿಸುವುದನ್ನು ಹಗುರವಾಗಿಯೇ ತೂಗುವ ಅಭ್ಯಾಸ ನಮ್ಮಲ್ಲಿದೆ. ಅದರಲ್ಲೂ ಹೆಣ್ಣುಮಕ್ಕಳು ನಗುತ್ತಾ ಮಾಡಿದ್ದಾದರೆ, ಅದರ ಹಿಂದಿನ ದುಡಿಮೆ ಕಣ್ಣಿಗೇ ಬೀಳೋದಿಲ್ಲ. ಇದು ನನಗೆ ನಿಜವಾಗಿ ನೋವು ಕೊಡುತ್ತದೆ.

ಹೋದ ತಿಂಗಳು ಹತ್ತನೇ ಹಾಡಿನಲ್ಲಿ ಆ ಜಾಗ ಬಂದಾಗ, ಟೇಪು ನಿಂತು ಟಕ್ ಅಂತ ಗುಂಡಿ ಮೇಲೇಳುವ ಸದ್ದಿಗೆ ಕಿವಿ ಕಾಯುತ್ತಿತ್ತು. ಹಾಡು ಮುಂದೆ ಹೋಯಿತು. ಮುಗಿಯಿತು. ಆಮೇಲೆ 'ಕಾಂಟ್ ಸ್ಟಾಪ್ ದ ವರ್ಲ್ಡ್' ಶುರುವಾಯಿತು. ಬರೆದವರು ಕ್ಯಾಥಿ ವ್ಯಾಲಂಟೈನ್. ಅವರು ಮೊದಲು ಮಾಮೂಲಿ ಗಿಟಾರ್ ನುಡಿಸುತ್ತಿದ್ದವರು. 1980ರ ಕೊನೆಯಲ್ಲಿ ತಂಡಕ್ಕೆ ಬಾಸ್ ಗಿಟಾರ್ ನುಡಿಸುವವರು ಬೇಕಾಯಿತು, ಕೆಲವೇ ದಿನದಲ್ಲಿ ಎಲ್ಲ ಹಾಡು ಕಲಿತು ವೇದಿಕೆ ಹತ್ತಿದರು. ಕೊನೆಗೆ ಸೇರಿದವರ ಹಾಡು ಕೊನೆಯಲ್ಲಿದೆ. ಎಂಥ ಹುರುಪು ಅದರಲ್ಲಿ!

ಮಾವ ಈಗ ಇಲ್ಲ. ಅಜ್ಜಿ ಹೋಗಿ ಎಷ್ಟೋ ವರ್ಷ ಆಯಿತು. ಹಾಡನ್ನು ಅಕ್ಕನಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು.

"ಇದೂ ಇತ್ತೇನೇ ಅದರಲ್ಲಿ?"

"ಇತ್ತು ಕಣೇ. ಜಾಗ ಸಾಲಲಿಲ್ಲ."

ಅಕ್ಕ ಸ್ವಲ್ಪ ಹೊತ್ತು ಸುಮ್ನೆ ಇದ್ದಳು. ಆಮೇಲೆ, "ತಾಳು, ಇನ್ನೊಂದ್ಸಲ ಕೇಳ್ತೀನಿ," ಅಂತ ಫೋನ್ ಇಟ್ಟಳು.