ಅಲೆ ಎದ್ದ ದಿನ ದೋಣಿ ಮರಳಿನ ಮೇಲೆ

ಕೇಳುಗರಿಗೆ ನಮಸ್ಕಾರ.

ನಾನು ಮಲ್ಪೆಯವನು. ಮೀನುಗಾರರ ಮನೆಯವನು. ಮಳೆಗಾಲದಲ್ಲಿ ಅಲೆಯ ಸದ್ದು ಕೇಳುತ್ತಲೇ ನಿದ್ದೆ ಮಾಡಿ ಬೆಳೆದವನು. ಕಡಲು ನೋಡಲು ಮೊರಾಕ್ಕೊದವರೆಗೂ ಹೋಗಬೇಕಾ ಅಂತ ಮನೆಯಲ್ಲೇ ಕೇಳಿದರು. ಕರೆದದ್ದು ಅಕ್ಕನ ಮಗಳು. ಅವಳಿಗೆ ಜರ್ಮನಿಯಲ್ಲಿ ಕೆಲಸ. "ಮಾವ, ಚಳಿಗಾಲದ ರಜೆಗೆ ಕ್ಯಾಂಪರ್‌ವ್ಯಾನ್‌ನಲ್ಲಿ ಹೋಗ್ತಿದ್ದೇವೆ, ನೀವೂ ಬನ್ನಿ. ಅಲ್ಲಿಯೂ ಬೂತಾಯಿ ಮೀನು ಸಿಗ್ತದೆ" ಅಂದಳು. ಹೊರಟೆ.

ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಆ ವ್ಯಾನನ್ನೇ ಸ್ಪೇನಿನ ದಕ್ಷಿಣ ತುದಿಯಲ್ಲಿ ಹಡಗಿಗೆ ಹತ್ತಿಸಿದೆವು. ಯುರೋಪಿಗೂ ಆಫ್ರಿಕಕ್ಕೂ ನಡುವೆ, ತೀರಾ ಕಿರಿದಾದ ಕಡೆ, ಇರುವುದು ಸುಮಾರು 14 ಕಿಲೋಮೀಟರ್ ನೀರು. ಆಚೆ ದಡದಿಂದ ಎರಡು ದಿನದ ದಾರಿ. ಅಗಾದಿರ್ ಸಿಕ್ಕಿತು. 1960ರ ಫೆಬ್ರವರಿ 29ರ ರಾತ್ರಿ ಭೂಕಂಪದಲ್ಲಿ ನೆಲಸಮವಾಗಿ, ಮತ್ತೆ ಹೊಸದಾಗಿ ಎದ್ದ ನಗರ ಅದು. ಅಲ್ಲಿಂದ ಉತ್ತರಕ್ಕೆ ಸುಮಾರು 20 ಕಿಲೋಮೀಟರ್ ಹೋದರೆ ತಗಜೂತ್, ನಾವು ಉಳಿದ ಮೀನುಗಾರರ ಊರು.

ಗುಡ್ಡದ ಇಳಿಜಾರಿನಲ್ಲಿ ಒಂದರ ಮೇಲೊಂದು ಇಟ್ಟ ಹಾಗೆ ಮನೆಗಳು. ಕೆಳಗೆ ಸಣ್ಣ ಮರಳ ದಂಡೆ. ಅಲ್ಲಿ ನೀಲಿ ಬಣ್ಣದ ದೋಣಿಗಳು, ಪಕ್ಕದಲ್ಲಿ ಬಲೆ ರಾಶಿ. ಆ ವಾಸನೆ ಮೂಗಿಗೆ ಬಡಿದಾಗ ನನಗೆ ಊರು ಬಿಟ್ಟು ಬಂದೆ ಅಂತಲೇ ಅನಿಸಲಿಲ್ಲ. ಜನರ ಮನೆಮಾತು ಅರಬ್ಬಿ ಅಲ್ಲ, ತಶೆಲ್‌ಹಿತ್. ಉತ್ತರ ಆಫ್ರಿಕದ ಮೂಲ ನಿವಾಸಿಗಳಾದ ಅಮಾಜಿಗ್ ಜನರ ಭಾಷೆಗಳಲ್ಲಿ ಅದೂ ಒಂದು. ಅಮಾಜಿಗ್ ಭಾಷೆಗೆ ಅರಬ್ಬಿಯ ಜೊತೆ ಅಧಿಕೃತ ಸ್ಥಾನ ಸಿಕ್ಕಿದ್ದು 2011ರ ಸಂವಿಧಾನದಲ್ಲಿ. ಮನೆಯಲ್ಲಿ ತುಳು ಆಡುವ ನನಗೆ ಆ ಸುದ್ದಿ ಕೇಳಿ ಖುಷಿಯಾಯಿತು. 'ಅಜುಲ್' ಅಂದರೆ ನಮಸ್ಕಾರ. ಅದೊಂದು ಮಾತು ಕಲಿತುಕೊಂಡೆ. ಹೇಳಿದವರೆಲ್ಲ ನಕ್ಕು ಪುದೀನ ಚಹಾಕ್ಕೆ ಕರೆದರು.

ಹೊರಗಿನವರು ಇಲ್ಲಿಗೆ ಬರುವುದು ಅಲೆಗಾಗಿ, ಹಲಗೆಯ ಮೇಲೆ ನಿಂತು ಅಲೆ ಏರುವ ಸರ್ಫಿಂಗ್ ಆಟಕ್ಕಾಗಿ. ಚಳಿಗಾಲದಲ್ಲಿ ಅಟ್ಲಾಂಟಿಕ್‌ನ ಉತ್ತರ ಭಾಗದಲ್ಲಿ, ಸಾವಿರಾರು ಕಿಲೋಮೀಟರ್ ದೂರದಲ್ಲಿ, ಬಿರುಗಾಳಿ ಏಳುತ್ತದೆ. ಅದು ಎಬ್ಬಿಸಿದ ಅಲೆಗಳು ದಿನಗಟ್ಟಲೆ ಪ್ರಯಾಣ ಮಾಡಿ ಈ ದಡಕ್ಕೆ ಬರುತ್ತವೆ. ಆ್ಯಂಕರ್ ಪಾಯಿಂಟ್ ಅಂತ ಒಂದು ಬಂಡೆಯ ಚಾಚು ಇದೆ. ಅಲೆ ಆ ಚಾಚನ್ನು ಸುತ್ತಿ ಬಾಗುತ್ತದೆ. ನಮ್ಮಲ್ಲಿ ಇಡೀ ಅಲೆ ಒಟ್ಟಿಗೆ ಧೊಪ್ಪೆಂದು ಬೀಳುತ್ತದೆ, ಇಲ್ಲಿ ಹಾಗಲ್ಲ. ಒಂದು ತುದಿಯಿಂದ ಇನ್ನೊಂದು ತುದಿಗೆ, ಚಾಪೆ ಸುರುಳಿ ಸುತ್ತಿದ ಹಾಗೆ, ನಿಧಾನ ಮುರಿಯುತ್ತಾ ಸಾಗುತ್ತದೆ. ಹಲಗೆಯ ಮೇಲೆ ನಿಂತವರು ಆ ಮುರಿಯುವ ಅಂಚಿನ ಮುಂದೆಯೇ ಜಾರಿಕೊಂಡು ಹೋಗುತ್ತಾರೆ. ಎಷ್ಟು ಹೊತ್ತು ನೋಡಿದರೂ ನನಗೆ ಸಾಕಾಗಲಿಲ್ಲ.

ಮೂರನೇ ದಿನ ದೊಡ್ಡ ಅಲೆ ಎದ್ದಿತು. ಸರ್ಫಿಂಗ್ ಮಾಡುವವರಿಗೆ ಹಬ್ಬ. ಬೆಳಕು ಹರಿಯುವ ಮೊದಲೇ ವ್ಯಾನ್‌ಗಳ ಬಾಗಿಲು ತೆರೆದವು. ಆದರೆ ದಂಡೆಯಲ್ಲಿ ಒಂದು ದೋಣಿಯೂ ನೀರಿಗಿಳಿಯಲಿಲ್ಲ. ಎಲ್ಲವನ್ನೂ ಮೇಲಕ್ಕೆ ಎಳೆದು ಹಾಕಿದ್ದರು. ಮೀನುಗಾರರು ಗೋಡೆಗೆ ಒರಗಿ ಬಲೆ ಹೆಣೆಯುತ್ತಾ ಕೂತಿದ್ದರು. ನಮ್ಮ ಜೂನ್ ತಿಂಗಳು ನೆನಪಾಯಿತು. ಕಡಲು ಅಬ್ಬರಿಸುವಾಗ ಅಪ್ಪ ಹೀಗೇ ಕೂರುತ್ತಿದ್ದರು. ಆ ಹೊತ್ತಲ್ಲಿ ಮನೆಯ ಖರ್ಚು ಹೇಗೆ ಅಂತ ಅಮ್ಮನ ಮುಖ ನೋಡಿದರೆ ತಿಳಿಯುತ್ತಿತ್ತು.

ಒಬ್ಬ ಹಿರಿಯರ ಪಕ್ಕ ಕೂತೆ. ಭಾಷೆ ಬಾರದು. ಬಲೆಯ ಹರಿದ ಕಣ್ಣೊಂದನ್ನು ನಾನೂ ಹಾಕಿ ತೋರಿಸಿದೆ. ಅವರು ನನ್ನ ಗಂಟನ್ನು ಎಳೆದು ನೋಡಿದರು, ತಲೆಯಾಡಿಸಿದರು. ಆಮೇಲೆ ನೀರಿನ ಕಡೆ ಬೆರಳು ಮಾಡಿ, ಎದೆ ಮುಟ್ಟಿಕೊಂಡರು. ಅಲ್ಲಿ ಹೊರಗಿನ ಮಕ್ಕಳಿಗೆ ಸರ್ಫಿಂಗ್ ಕಲಿಸುತ್ತಿದ್ದ ಹುಡುಗ ಅವರ ಮಗ. ದೋಣಿ ಇಳಿಯದ ದಿನವೂ ಆ ಮನೆಗೆ ದುಡಿಮೆ ತಂದದ್ದು ಅದೇ ಅಲೆ. ಇದನ್ನು ನೋಡಿದ್ದಕ್ಕೇ ನನಗೆ ಅಷ್ಟು ದೂರ ಹೋದದ್ದು ಸಾರ್ಥಕ ಅನಿಸಿತು.

ಆದರೆ ಎಲ್ಲವೂ ಸುಲಭವಾಗಿಲ್ಲ. ಆಚೆ ಉತ್ತರಕ್ಕೆ ಇಮ್ಸುವಾನ್ ಅಂತ ಇಂಥದ್ದೇ ಇನ್ನೊಂದು ಊರು. 2024ರ ಜನವರಿಯಲ್ಲಿ, ಸರ್ಕಾರಿ ಕಡಲಂಚಿನ ಜಾಗದಲ್ಲಿ ಅನುಮತಿ ಇಲ್ಲದೆ ಕಟ್ಟಿದ್ದು ಅಂತ, ಅಲ್ಲಿನ ಎಷ್ಟೋ ಮನೆ, ಅಂಗಡಿಗಳನ್ನು ಕೆಡವಿದರು. ಕಡಲ ಬದಿಯ ಮನೆ ಅಂದರೆ ಏನು ಅಂತ ಗೊತ್ತಿರುವ ನಮಗೆ ಆ ನೋವು ಬೇರೆಯವರು ಹೇಳಬೇಕಾಗಿಲ್ಲ, ಅಲ್ವಾ? ವ್ಯಾನಿನವರ ಬಗ್ಗೆಯೂ ಒಂದು ಮಾತು. ಅದು ಒಣ ಸೀಮೆ, ಮಳೆ ಕಡಿಮೆ. ಅಗಾದಿರ್ ಕಡೆ ಈಗ ಸಮುದ್ರದ ನೀರಿನ ಉಪ್ಪು ತೆಗೆದು ಕುಡಿಯಲು ಕೊಡುತ್ತಾರೆ. ಅಂಥ ಕಡೆ ವ್ಯಾನಿನ ಕೊಳೆನೀರನ್ನು ಬೀಚ್ ಪಕ್ಕ ಸುರಿದು ಹೋಗುವುದು ದೊಡ್ಡ ತಪ್ಪು. ಅಕ್ಕನ ಮಗಳು ಪ್ರತಿ ರಾತ್ರಿಯೂ ದುಡ್ಡು ಕೊಟ್ಟು ಕ್ಯಾಂಪ್‌ಸೈಟ್‌ನಲ್ಲೇ ವ್ಯಾನ್ ನಿಲ್ಲಿಸಿದಳು. ನನಗೆ ಅದು ಹೆಮ್ಮೆ.

ಹೊರಡುವ ದಿನ ಕಡಲು ಎಣ್ಣೆ ಸುರಿದ ಹಾಗೆ ಸಪಾಟು. ಬೋರ್ಡ್‌ಗಳೆಲ್ಲ ಗೋಡೆಗೆ ಒರಗಿದ್ದವು. ದೋಣಿಗಳು ಹೋಗಿ ಆಗಲೇ ಮರಳಿದ್ದವು. ಆ ಹಿರಿಯರು ನನ್ನನ್ನು ಕಂಡು ಕೈಬೀಸಿ ಕರೆದರು. ಒಂದು ಚೀಲದ ತುಂಬ ಸಾರ್ಡೀನ್ ಕೊಟ್ಟರು. ನಮ್ಮ ಬೂತಾಯಿಯ ದಾಯಾದಿ ಮೀನು. ದುಡ್ಡು ಹಿಡಿದ ನನ್ನ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದರು. ಊರಿಂದ ತಂದ ಮೆಣಸಿನ ಪುಡಿ ಸ್ವಲ್ಪ ಉಳಿದಿತ್ತು. ದಾರಿಯಲ್ಲಿ ವ್ಯಾನ್ ನಿಲ್ಲಿಸಿ, ಅದನ್ನು ಹಚ್ಚಿ ಹುರಿದೆವು.

ನಮಸ್ಕಾರ.