ಐವತ್ತೆರಡರಲ್ಲಿ ಮೂವತ್ತೆಂಟು ಹೋದರೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ಮಂಡ್ಯದಲ್ಲಿ ಇಷ್ಟು ಜನ ಅಪ್ಪ-ಅಮ್ಮಂದಿರು ಗಣಿತದ ಮಾತು ಕೇಳೋಕೆ ಬಂದಿದ್ದೀರಿ ಅಂದರೆ, ಮನೆಯಲ್ಲಿ ಹೋಂವರ್ಕ್ ಹೊತ್ತಿನ ಗಲಾಟೆ ಜೋರಾಗಿಯೇ ಇರಬೇಕು.

ನಮ್ಮ ಮನೆಯದನ್ನೇ ಹೇಳುತ್ತೇನೆ. ಮೊಮ್ಮಗಳು ಮೈಸೂರಿನ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಎರಡನೇ ಕ್ಲಾಸು. ಪುಸ್ತಕದ ತುಂಬ ನಾಲ್ಕಂಕಿಯ ಕೂಡುವ ಲೆಕ್ಕ, ಎಲ್ಲಕ್ಕೂ ಕೆಂಪು ರೈಟು. ನನ್ನ ಮಗಳಿಗೆ ಹೆಮ್ಮೆಯೋ ಹೆಮ್ಮೆ. ನನಗೆ ಮೂವತ್ತು ವರ್ಷ ಪ್ರೈಮರಿ ಮೇಷ್ಟ್ರಾಗಿದ್ದ ಚಟ ಬಿಡಲಿಲ್ಲ. 52ರಲ್ಲಿ 38 ಕಳಿ ಪುಟ್ಟಿ ಅಂದೆ. 26 ಅಂತ ಬರೆದಳು.

ಹೇಗೆ ಬಂತು ಅಂತ ಕೇಳಿದೆ. "ಎಂಟರಲ್ಲಿ ಎರಡು ಹೋದ್ರೆ ಆರು. ಐದರಲ್ಲಿ ಮೂರು ಹೋದ್ರೆ ಎರಡು. ದೊಡ್ಡದ್ರಲ್ಲಿ ಚಿಕ್ಕದನ್ನ ಕಳೀಬೇಕು ತಾತ, ಅಷ್ಟೂ ಗೊತ್ತಿಲ್ವಾ?"

ಆಮೇಲೆ ಪುಸ್ತಕ ತಿರುವಿ ನೋಡಿದೆ. 4321ಕ್ಕೆ 2345 ಕೂಡು, ಇಂಥವೇ ಎಲ್ಲ. ಒಂದರಲ್ಲೂ ದಶಕ ಬರುವುದಿಲ್ಲ, ಅಂದರೆ ಹತ್ತು ದಾಟಿ ಪಕ್ಕದ ಮನೆಗೆ ಒಯ್ಯೋದೇ ಇಲ್ಲ. ನಾಲ್ಕಂಕಿ ಲೆಕ್ಕ ಅಂತ ನಾವು ಹಿಗ್ಗುತ್ತಿದ್ದದ್ದು ಒಂದಂಕಿ ಲೆಕ್ಕವನ್ನೇ ನಾಲ್ಕು ಸಲ ಮಾಡಿದ್ದು!

ಚಿಕ್ಕ ಮಕ್ಕಳ ಓದು, ಲೆಕ್ಕ ಗಟ್ಟಿ ಮಾಡೋಕೆ ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ನಿಪುಣ್ ಭಾರತ್ ಯೋಜನೆಯ ಗುರಿ ಏನು ಗೊತ್ತಾ? ಒಂದನೇ ಕ್ಲಾಸಿಗೆ 99ರವರೆಗಿನ ಸಂಖ್ಯೆ ಓದಿ ಬರೆಯೋದು, ಎರಡಕ್ಕೆ 999, ಮೂರಕ್ಕೆ 9999. ಆ ಲೆಕ್ಕದಲ್ಲಿ ನಮ್ಮ ಪುಟ್ಟಿ ಒಂದು ವರ್ಷ ಮುಂದಿದ್ದಾಳೆ. ಆದರೆ 52 ಅಂದರೆ ಐದು ಹತ್ತು, ಎರಡು ಬಿಡಿ ಅನ್ನೋದು ತಲೆಗೇ ಹೋಗಿಲ್ಲ.

ಇದರಲ್ಲಿ ಭಾಷೆಯದೂ ಒಂದು ಪಾಲಿದೆ. ಹದಿಮೂರು ಅನ್ನುವಾಗ ಹತ್ತು ಮೊದಲು, ಮೂರು ಆಮೇಲೆ. ಬರೆಯೋದೂ ಹಾಗೇ. ಥರ್ಟೀನ್ ಅನ್ನುವಾಗ ಮೂರೇ ಮೊದಲು ಕೇಳುತ್ತೆ. ಮಕ್ಕಳು 31 ಅಂತ ಬರೆದರೆ ಬೈಬೇಡಿ, ಕಿವಿಗೆ ಬಿದ್ದಂತೆ ಬರೆದಿರುತ್ತವೆ. ಮನೆಯಲ್ಲಿ ಕನ್ನಡದಲ್ಲೂ ಎಣಿಸಿ. ಇನ್ನೊಂದು, ಈಗ ಅಂಗಡಿಯಲ್ಲಿ ಮೊಬೈಲ್ ತೋರಿಸಿದರೆ ಟುಂಯ್ ಅಂತ ದುಡ್ಡು ಹೋಯ್ತು. ಚಿಲ್ಲರೆ ಎಣಿಸೋದನ್ನು ಮಗು ಎಲ್ಲಿ ನೋಡಬೇಕು?

ಪುಟ್ಟಿಯ ಕತೆ ಮುಗಿಸುತ್ತೇನೆ. ತೆಂಗಿನಕಡ್ಡಿ ಪೊರಕೆ ಬಿಚ್ಚಿ, ಕಡ್ಡಿಗಳನ್ನು ತುಂಡು ಮಾಡಿ, ಹತ್ತತ್ತಕ್ಕೆ ರಬ್ಬರ್ ಬ್ಯಾಂಡ್ ಹಾಕಿದೆ. ನನ್ನ ಹೆಂಡತಿ ಹೊಸ ಪೊರಕೆ ಹಾಳು ಮಾಡಿದಿರಿ ಅಂದಳು, ಅದು ಬೇರೆ ವಿಷಯ. ಐದು ಕಟ್ಟು, ಎರಡು ಬಿಡಿ ಅವಳ ಮುಂದಿಟ್ಟು, 38 ಕೊಡು ಅಂದೆ. ಮೂರು ಕಟ್ಟು ಸಲೀಸಾಗಿ ಕೊಟ್ಟಳು. ಎಂಟು ಕೊಡೋಕೆ ಹೋದರೆ ಇರೋದು ಎರಡೇ ಕಡ್ಡಿ. ಕಡ್ಡಿ ನೋಡಿದಳು, ಕಟ್ಟು ನೋಡಿದಳು, ನನ್ನ ಮುಖ ನೋಡಿದಳು. ನಾನು ಸುಮ್ನೆ ಕೂತಿದ್ದೆ. ಇಲ್ಲಿ ಸುಮ್ನೆ ಕೂರೋದೇ ಬಲು ಕಷ್ಟ.

"ತಾತ, ರಬ್ಬರ್ ಬ್ಯಾಂಡ್ ಬಿಚ್ಚಲಾ?"

ಉಳಿದದ್ದು ಒಂದು ಕಟ್ಟು, ನಾಲ್ಕು ಬಿಡಿ. ಪುಸ್ತಕದ 26 ಅನ್ನು ಅವಳೇ ಅಳಿಸಿದಳು.

ಇದೇನೂ ನನ್ನ ಬುದ್ಧಿಯಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲೂಕಿನ ಸರ್ಕಾರಿ ಶಾಲೆಗಳಲ್ಲಿ ಶುರುವಾದ ನಲಿ-ಕಲಿ ಅನ್ನೋ ಕಲಿಸುವ ಪದ್ಧತಿಯ ದಾರಿಯೇ ಇದು. ಪ್ರತಿ ಮಗು ತನ್ನ ಮೆಟ್ಟಿಲಲ್ಲಿ ನಿಂತು, ಗಟ್ಟಿಯಾದ ಮೇಲೆ ಮುಂದಿನದಕ್ಕೆ ಕಾಲಿಡಬೇಕು. ಮಗು ಮುಂದಿದ್ದರೂ ಇದೇ ಮಾತು. ಎಲ್ಲ ಬರುವ ಮಗುವಿನ ಕೈಲಿ ಒಂದರಿಂದ ನೂರು ಹತ್ತು ಸಲ ಬರೆಸಿದರೆ ಬೇಜಾರಾಗದೆ ಇನ್ನೇನು?

ಹಾಗಾಗಿ ಶಾಲೆಗೆ ಹೋದಾಗ ಎಷ್ಟು ಪಾಠ ಆಯ್ತು ಅಂತ ಕೇಳಬೇಡಿ. ನನ್ನ ಮಗು ಎಲ್ಲಿ ತಡವರಿಸುತ್ತೆ ಅಂತ ಕೇಳಿ. ತಪ್ಪಾದ ಒಂದು ಲೆಕ್ಕವನ್ನು ಜೊತೆಗೆ ಒಯ್ಯಿರಿ. ಜಗಳಕ್ಕಲ್ಲ, ಇಬ್ಬರೂ ಕೂತು ನೋಡೋಕೆ. ಮಿಸ್‌ಗೂ ಪೋರ್ಶನ್ ಮುಗಿಸುವ ಒತ್ತಡ ಇರುತ್ತೆ.

ಮಾತು ಜಾಸ್ತಿಯಾಯಿತು. ಚೀಲದಲ್ಲಿ ಕಡ್ಡಿ ಕಟ್ಟುಗಳಿವೆ. ಹಿಂದುಗಡೆ ಆಡುತ್ತಿರುವ ಮಕ್ಕಳನ್ನು ಮುಂದೆ ಕಳಿಸಿ. ಅವರು ತಡವರಿಸಿದಾಗ ನೀವ್ಯಾರೂ ಉತ್ತರ ಹೇಳಿಕೊಡಬಾರದು, ಅಷ್ಟೇ.