ಇದು ರೋಸ್ ಮಿಲ್ಕ್ ಅಲ್ಲ ಸ್ವಾಮಿ

ಬಣ್ಣ ನೋಡಿ ರೋಸ್ ಮಿಲ್ಕ್ ಅಂತ ಕಮೆಂಟ್ ಹಾಕೋಕೆ ಹೊರಟವರು ಸ್ವಲ್ಪ ತಡೀರಿ. ಇದು ಥಾಯ್ಲೆಂಡಿನ ನೋಮ್ ಯೆನ್. ನೋಮ್ ಅಂದ್ರೆ ಹಾಲು, ಯೆನ್ ಅಂದ್ರೆ ತಣ್ಣಗೆ. ಹೆಸರಲ್ಲಿ ಬಣ್ಣದ ಸುದ್ದಿನೇ ಇಲ್ಲ, ಆದ್ರೂ ಕೇಳಿದ್ರೆ ಕೊಡೋದು ಈ ಗುಲಾಬಿ ಬಣ್ಣದ್ದನ್ನೇ.

ಸಿರಪ್ಪು ಹೇಲ್ಸ್ ಬ್ಲೂ ಬಾಯ್ ಅನ್ನೋ ಥಾಯ್ ಬ್ರ್ಯಾಂಡಿಂದು, ಸಲಾ ಫ್ಲೇವರ್, ಕೆಂಪು ಬಾಟಲಿ. ಹಸಿರು ಎತ್ಕೋಬೇಡಿ, ಅದು ಕ್ರೀಮ್ ಸೋಡಾ. ಸಲಾ ಅನ್ನೋದು ಮೈತುಂಬ ಹಾವಿನ ಹುರುಪೆ ಥರ ಸಿಪ್ಪೆ ಇರೋ ಹಣ್ಣು. ಸಿರಪ್ ಮೂಸಿದ್ರೆ ಮಾತ್ರ ಹಣ್ಣಲ್ಲ, ಬಣ್ಣದ ಪೆಪ್ಪರ್‌ಮೆಂಟೇ ನೆನಪಾಗೋದು.

ಮೂರು ಟೇಬಲ್ ಚಮಚ ಸಿರಪ್, ಒಂದು ಚಮಚ ಕಂಡೆನ್ಸ್ಡ್ ಮಿಲ್ಕ್, ಎರಡು ಚಮಚ ಬಿಸಿನೀರು, ಲೋಟದಲ್ಲಿ ಹಾಕಿ ಕಲಸಿ. ಬಿಸಿನೀರು ಹಾಕದೇ ಹೋದ್ರೆ ಕಂಡೆನ್ಸ್ಡ್ ಮಿಲ್ಕ್ ತಳಕ್ಕೆ ಅಂಟ್ಕೊಳ್ಳುತ್ತೆ. ಮೇಲೆ ಸಪ್ಪೆ, ಕೊನೇ ಗುಟುಕಲ್ಲಿ ಪಾಕ.

ಈಗ ತಲೆನೋವಿನ ವಿಷಯ. ಮೇಲೆ ಹುಯ್ಯೋದು ಎವಾಪೊರೇಟೆಡ್ ಹಾಲು, ಸಕ್ಕರೆ ಇಲ್ಲದ ಗಟ್ಟಿ ಹಾಲು. ಥಾಯ್‌ನಲ್ಲಿ ಇದಕ್ಕೂ ಕಂಡೆನ್ಸ್ಡ್ ಮಿಲ್ಕಿಗೂ ನೋಮ್ ಖೋನ್ ಅಂತಾರೆ, ಗಟ್ಟಿ ಹಾಲು ಅಂತ. ಕೊನೇಲಿ ವಾನ್ ಅಂದ್ರೆ ಸಿಹಿ, ಜೂತ್ ಅಂದ್ರೆ ಸಪ್ಪೆ. ಡಬ್ಬಿ ಅದಲುಬದಲಾದ್ರೆ ಕುಡಿಯೋಕೇ ಆಗಲ್ಲ. ನಮ್ಮ ಕಡೆ ಸಪ್ಪೆಯದು ಸುಲಭಕ್ಕೆ ಸಿಗಲ್ಲ, ಸಿಕ್ಕರೂ ಬೆಲೆ ಕೇಳ್ಬೇಡಿ. ಮನೇಲೇ ಮಾಡ್ಕೊಳ್ಳಿ: ಅರ್ಧ ಲೀಟರ್ ಫುಲ್ ಕ್ರೀಮ್ ಹಾಲನ್ನ ಸಣ್ಣ ಉರೀಲಿ, ತಳ ಕೆದಕ್ತಾ, ಅರ್ಧಕ್ಕಿಂತ ಚೂರು ಕಮ್ಮಿ ಆಗೋವರೆಗೆ ಬತ್ತಿಸಿ. ತಳ ಹಿಡೀತಾ? ಬಿಸಾಕಿ, ಸಿರಪ್ ಹಾಕಿದ್ರೂ ಸೀದ ವಾಸನೆ ಮುಚ್ಚಲ್ಲ. ಆರಿದ ಮೇಲೆ ಸೋಸಲೇಬೇಕು, ಇಲ್ಲಾಂದ್ರೆ ಕೆನೆ ಸ್ಟ್ರಾಗೆ ಸಿಕ್ಕಿ ಉಸಿರು ಕಟ್ಟೋ ಹಾಗೆ ಎಳೀಬೇಕು. ಫ್ರಿಜ್ಜಲ್ಲಿ ಎರಡು ದಿನ ಇಡಬಹುದು. ಪ್ಯಾಕೆಟ್ ಹಾಲು ಹಾಗೇ ಹುಯ್ದರೆ ನೀರುನೀರು. ಸರಿ, ಕುಡೀಬಹುದು, ಆದರೆ ಅದು ನಿಜಕ್ಕೂ ರೋಸ್ ಮಿಲ್ಕೇ.

ಲೋಟದ ತುಂಬ ಪುಡಿ ಐಸ್, ಮೇಲಿಂದ ನೂರಿಪ್ಪತ್ತು ಎಂಎಲ್ ಬತ್ತಿಸಿದ ಹಾಲು. ಐಸ್ ಹಾಕೋ ಮೊದಲು ರುಚಿ ನೋಡಿದ್ರೆ ಸಿಹಿ ಮುಖಕ್ಕೆ ಹೊಡೆಯುತ್ತೆ. ಹೊಡೀಲಿ, ಪುಡಿ ಐಸ್ ಬೇಗ ಕರಗಿ ಸರಿ ಮಾಡುತ್ತೆ. ಥಾಯ್ಲೆಂಡಿಗೇ ಹೋಗಿ ಕುಡಿಯೋರು ‘ವಾನ್ ನೋಯ್’ ಅಂತ ಹೇಳಿ, ಸಿಹಿ ಕಮ್ಮಿ ಹಾಕ್ತಾರೆ.

ಅಂದ ಹಾಗೆ, ಅಲ್ಲಿ ಮನೆ-ಅಂಗಡಿ ಮುಂದಿನ ಭೂತದ ಗುಡಿಗಳಲ್ಲಿ ಕೆಂಪು ಪಾನಕದ ಬಾಟಲಿಗೆ ಸ್ಟ್ರಾ ಹಾಕಿ ಇಟ್ಟಿರ್ತಾರೆ. ದೇವರಿಗೂ ಸ್ಟ್ರಾ ಬೇಕಲ್ಲ... ಅಯ್ಯೋ, ಪದರ ಬೆರೀತಾ ಇದೆ, ಮೇಲೆ ಬಿಳಿ ಕೆಳಗೆ ಕೆಂಪು, ಬೇಗ ಫೋಟೋ ತೆಗೀರಿ. ಹ್ಞಾಂ, ಈಗ ತಳದಿಂದ ಕಲಕಿ.